ಆ ವಿಡಿಯೋ ಟ್ಯಾಂಕರ್ ಮಾಲೀಕರ ಕೈಗೆ ಹೇಗೆ ಹೋಯಿತು, ಶಾಸಕರೇ?

ಮಾನ್ಯ ಶಾಸಕರೇ,

ಈ ಸಲ ನನ್ನ ಮತ ನಿಮಗಿಲ್ಲ. ಗುಟ್ಟಾಗಿ ಹಾಕಬೇಕಾದ ಮತವನ್ನು ಊರಿಗೆಲ್ಲ ಕೇಳುವಂತೆ ಏಕೆ ಹೇಳುತ್ತಿದ್ದಾಳೆ ಎನ್ನುವಿರೇನೋ. ನಿಮ್ಮ ಬಳಿ ಗುಟ್ಟಾಗಿ ಹೇಳಿದ ಮಾತಿನ ಗತಿ ಏನಾಗುತ್ತದೆಂದು ಕಂಡಿದ್ದೇನೆ, ಅದಕ್ಕೆ.

ತಮ್ಮನ್ನು ಪ್ರಶ್ನಿಸಿದವರೆಲ್ಲ ತಮಗೆ ಎದುರು ಪಕ್ಷದವರಾಗಿ ಕಾಣುತ್ತಾರೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನಿಟ್ಟೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ನಾನು ನಿಮ್ಮ ಪಕ್ಷದ ಮನೆಯಲ್ಲೇ ಹುಟ್ಟಿ ಬೆಳೆದವಳು. ನನ್ನ ತಂದೆ ಕದರಯ್ಯನವರು ಪಕ್ಷ ಸೋತ ವರ್ಷಗಳಲ್ಲೂ ಬಾವುಟ ಇಳಿಸಿದವರಲ್ಲ. ಅಣ್ಣ ಮುತ್ತುರಾಜ ನಿಮ್ಮ ಬೂತ್ ಏಜೆಂಟ್. ಕಳೆದ ಚುನಾವಣೆಯಲ್ಲಿ ನಾನೇ ಮನೆಮನೆ ತಿರುಗಿ ನಿಮಗೆ ಓಟು ಕೇಳಿದ್ದೆ.

ಈ ಬೇಸಿಗೆಯಲ್ಲಿ ನಮ್ಮೂರ ಕೆರೆ ನಾರತೊಡಗಿತು. ಪಕ್ಕದ ಬಾವಿಯ ನೀರಿನಲ್ಲಿ ಸ್ನಾನ ಮಾಡಿದವರಿಗೆಲ್ಲ ಮೈತುರಿಕೆ. ಅಪ್ಪನ ಕಾಲು ಹುಣ್ಣಾಯಿತು. ನೆರೆಮನೆಯ ವನಜಮ್ಮನ ಹಸು ಆ ನೀರು ಕುಡಿದು ಮಲಗಿದ್ದು ಮತ್ತೆ ಏಳಲಿಲ್ಲ. ಒಂದು ಬೆಳಿಗ್ಗೆ ಸ್ಕೂಟರ್‌ನಲ್ಲಿ ಅಂಗಡಿಗೆ ಹೊರಟಿದ್ದೆ. ಕೆರೆ ಏರಿಯ ಮೇಲೆ ಟ್ಯಾಂಕರ್ ನಿಂತಿತ್ತು. ಅದರ ಪೈಪಿನಿಂದ ಕಪ್ಪು ತ್ಯಾಜ್ಯ ನೀರು ಕೆರೆಗೆ ಸುರಿಯುತ್ತಿತ್ತು. ಹುಣಸೆ ಮರದ ಮರೆಯಲ್ಲಿ ನಿಂತು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡೆ.

ಯಾರಿಗೂ ತೋರಿಸದೆ ನೇರವಾಗಿ ನಿಮ್ಮ ಕಚೇರಿಗೆ ಬಂದೆ. ತಾವು ಎಲ್ಲರನ್ನೂ ಆಚೆ ಕಳಿಸಿ, ಬಾಗಿಲು ಹಾಕಿಸಿ, "ನನ್ ನಂಬರ್‌ಗೆ ಮಾತ್ರ ಕಳ್ಸಮ್ಮ, ಬೇರೆ ಯಾರ್ಗೂ ಬೇಡ. ನಿನ್ ಹೆಸ್ರು ಆಚೆ ಬರಲ್ಲ, ನಾನಿದೀನಿ," ಎಂದಿರಿ. ನಿಮ್ಮೆದುರಿಗೇ ಕಳಿಸಿ, ನಿರಾಳವಾಗಿ ಮನೆಗೆ ಬಂದೆ.

ಮಾರನೆಯ ದಿನ ಟ್ಯಾಂಕರ್ ಮಾಲೀಕ ಕರಿಸಿದ್ದಪ್ಪನವರು ನನ್ನ ಅಂಗಡಿಗೆ ಬಂದರು. ಪ್ಯಾಂಟೊಂದನ್ನು ಕೊಟ್ಟು, ಸೊಂಟ ಬಿಗಿ ಮಾಡಲು ಹೇಳಿ, ನಗುನಗುತ್ತಲೇ ಅಂದರು: "ವಿಡಿಯೋ ಚೆನ್ನಾಗ್ ತೆಗ್ದಿದೀಯ ಕಣಮ್ಮ. ವಸಿ ಅಲ್ಲಾಡೈತೆ, ಅಷ್ಟೆ. ದಿನಾ ಆ ಏರಿ ಮೇಲೇ ತಾನೆ ಓಡಾಡೋದು? ಹುಷಾರು."

ಅವರು ಹೋದ ಮೇಲೆ ಅಂಗಡಿಗೆ ಬೀಗ ಹಾಕಿದೆ.

ತಮ್ಮ ಫೋನು ಕಳುವಾಗಿತ್ತೇ? ಆಪ್ತ ಸಹಾಯಕರು ಕದ್ದು ನೋಡಿದರೇ? ಹಾಗೇ ಆಗಿರಲಿ ಎಂದು ಆಶಿಸುತ್ತಲೇ ಮತ್ತೆ ನಿಮ್ಮಲ್ಲಿಗೆ ಬಂದೆ. ತಮಗೆ ಆಶ್ಚರ್ಯವೂ ಆಗಲಿಲ್ಲ. "ಅವ್ನೂ ನಮ್ ಪಕ್ಷದೋನೇ ಅಲ್ವೇನಮ್ಮ? ಎಲೆಕ್ಷನ್ ಟೈಮು. ಕೂತ್ಕೊಂಡು ಮಾತಾಡಿ ಸರಿ ಮಾಡ್ಕೊಳಿ," ಎಂದಿರಿ. ಆ ವಾರವೇ ನೀರು ಪರೀಕ್ಷಿಸಲು ಬಂದ ಅಧಿಕಾರಿಗಳು ಕೆರೆಯತ್ತ ತಿರುಗಿಯೂ ನೋಡದೆ, ಶಾಲೆಯ ನಲ್ಲಿಯಿಂದ ನೀರು ಹಿಡಿದುಕೊಂಡು ಹೋಗಿ ಶುದ್ಧವೆಂದು ಸಾರಿದರು. ಅವರಿಗೆ ದಾರಿ ತೋರಿಸಿದವರು ಯಾರು?

ಮನೆಯಲ್ಲಿ ಜಗಳವೇ ಆಯಿತು. "ಪಕ್ಷ ನೋಡಿ ಓಟ್ ಹಾಕು, ಮಿಕ್ಕಿದ್ದು ಬುಡು," ಎಂದ ಅಣ್ಣ. ಅಪ್ಪ ಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದರು. ತಲೆ ಎತ್ತದೆ ಅಂದರು: "ಪಕ್ಷ ಕಟ್ಟಿದೋರು ನಾವು ಕಣ್ಲಾ. ಆವಯ್ಯ ನಮ್ ಹುಡ್ಗೀನೇ ಹಿಡ್ದು ಕೊಟ್ಟವ್ನೆ. ನನ್ ಓಟೂ ಇಲ್ಲ." ಅಣ್ಣ ಎದ್ದು ಹೊರಗೆ ಹೋದ. ಅವನ ಓಟು ಯಾರಿಗೋ, ನಾನು ಕೇಳಿಲ್ಲ.

ಅಂದು ಸಂಜೆ ಆ ವಿಡಿಯೋವನ್ನು ನನ್ನ ಹೆಸರಿನಲ್ಲೇ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಈಗ ನಾನು ಏರಿ ದಾಟುವವರೆಗೆ ವನಜಮ್ಮ ಜೊತೆಗೆ ಬರುತ್ತಾರೆ. ಟ್ಯಾಂಕರ್ ಈ ಕಡೆ ಬರುತ್ತಿಲ್ಲ. ಈಗ ಯಾವ ಊರಿನ ಕೆರೆಗೆ ಹೋಗುತ್ತಿದೆಯೋ, ಅದು ತಮಗೇ ಗೊತ್ತಿರಬೇಕು.

ಎದುರಿನ ಅಭ್ಯರ್ಥಿ ಸತ್ಯವಂತರೆಂದು ನಾನು ನಂಬಿಲ್ಲ. ಆದರೆ ಅವರು ಇನ್ನೂ ನನ್ನನ್ನು ಯಾರ ಕೈಗೂ ಒಪ್ಪಿಸಿಲ್ಲ. ಇಷ್ಟು ಸಣ್ಣ ಕಾರಣಕ್ಕೆ ಪಕ್ಷ ಬಿಟ್ಟು ಮತ ಹಾಕುವ ಸ್ಥಿತಿಗೆ ನನ್ನನ್ನು ತಂದವರು ತಾವು.

ನಮ್ಮೂರಿಗೆ ಪ್ರಚಾರಕ್ಕೆ ಬಂದಾಗ ಎರಡು ಕೆಲಸ ಮಾಡಿ. ಆ ವಿಡಿಯೋವನ್ನು ಕರಿಸಿದ್ದಪ್ಪನವರಿಗೆ ಕೊಟ್ಟವರು ಯಾರೆಂದು ಮೈಕಿನ ಮುಂದೆ ಹೇಳಿ. ಆಮೇಲೆ ಅಧಿಕಾರಿಗಳನ್ನು ಕರೆಸಿ, ನಮ್ಮೆಲ್ಲರ ಕಣ್ಣೆದುರು ಕೆರೆಯಿಂದಲೇ ನೀರು ತೆಗೆಸಿ. ಎರಡನ್ನೂ ಮಾಡಿದರೂ ನನ್ನ ಮತ ನಿಮಗಿಲ್ಲ. ಆದರೂ ಮಾಡಿ. ನಿಮ್ಮ ಕುರ್ಚಿಯಲ್ಲಿ ಮುಂದೆ ಕೂರುವವರ ಬಳಿಗೆ ಇನ್ನೊಬ್ಬ ಹೆಣ್ಣುಮಗಳು ದೂರು ಹಿಡಿದು ಬಂದಾಗ, ಅವಳು ಹೆದರದೆ ಮನೆಗೆ ಹಿಂತಿರುಗುವಂತಾಗಲಿ.

ಇಂತಿ,
ಕೇಳದೆಯೇ ಸಿಗುತ್ತದೆಂದು ತಾವು ತಿಳಿದಿದ್ದ ಮತದ ಒಡತಿ,
ಅರುಣಾ
ನಿಟ್ಟೂರು