ಬಲಗಡೆಯ ಬಿಲ್ಲೆ

ಬೆಟ್ಟದ ಬುಡದ ಮನೆ,
ಬುಧವಾರ, ತಾರೀಕು ಹದಿನಾಲ್ಕು, ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ನಿನ್ನ ಕೆಮ್ಮು ಈಗ ಹೇಗಿದೆ? ಗೋದಾಮಿನ ಧೂಳಿನಲ್ಲಿ ದಿನವಿಡೀ ಮೂಟೆ ಹೊರುವ ಕೆಲಸ ನಿನ್ನ ಎದೆಗೆ ಆಗಿಬರುವುದಿಲ್ಲ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೋ, ಯಾರು ನಕ್ಕರೂ ಬಿಚ್ಚಬೇಡ. ಹೊಟ್ಟೆ ತುಂಬ ಉಣ್ಣು. ಪಕ್ಕದಲ್ಲಿ ಬೈಯುವವರಿದ್ದರೆ ಮಾತ್ರ ಎರಡನೇ ಸಲ ಬಡಿಸಿಕೊಳ್ಳುವ ಆಸಾಮಿ ನೀನು, ಅಲ್ಲಿ ಬೈಯುವವರು ಯಾರಿದ್ದಾರೋ ಏನೋ. ಇಲ್ಲಿ ಎಲ್ಲರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ, ಪೆನ್ನು ಅಲ್ಲಿಗೇ ನಿಂತಿತು. ನಿನ್ನ ಸೋದರಳಿಯ ಹೆಜ್ಜೆ ಇಡುತ್ತಿದ್ದಾನೆ. ಗೋಡೆ ಹಿಡಿದು ಅಡುಗೆಮನೆಯವರೆಗೆ ಬಂದು, ಗೋಡೆ ಮುಗಿದಲ್ಲಿ ನಿಂತು ನನ್ನ ಮುಖ ನೋಡುತ್ತಾನೆ, ಇನ್ನೊಂದಿಷ್ಟು ಗೋಡೆ ಕಟ್ಟಿಸಿಕೊಡು ಎನ್ನುವ ಹಾಗೆ. ಈಗ ಮಲಗಿದ್ದಾನೆ, ಅದಕ್ಕೇ ಕಾಗದ ಹಿಡಿದಿದ್ದೇನೆ. ನನಗೆ ಮಾತ್ರ ನಿದ್ದೆ ಎಂಬುದು ಮರೆತೇಹೋಗಿದೆ. ಅವನು ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುವುದು, ಪಕ್ಕದ ಕೋಣೆಗೆ ಹೋಗಿ ಮಾವನವರನ್ನು ಮಗ್ಗುಲು ತಿರುಗಿಸುವುದು, ಮತ್ತೆ ಬಂದು ಬೆರಳು ಹಿಡಿಯುವುದು, ಇಷ್ಟರಲ್ಲೇ ಬೆಳಗಾಗುತ್ತದೆ.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಶುಕ್ರವಾರ ಪರವಾನಗಿ ಕಚೇರಿಯಲ್ಲಿ ನಿನ್ನ ವಿಚಾರಣೆ, ಅಂದು ತೀರ್ಮಾನ ವಿರುದ್ಧವಾದರೆ ಬೆಟ್ಟದ ರಸ್ತೆಯಲ್ಲಿ ಇನ್ನೆಂದೂ ಗಾಡಿ ಓಡಿಸಲು ಬಿಡುವುದಿಲ್ಲ ಎಂದು ಬರೆದಿದ್ದೀಯ. ನಾನು ಬಂದು ಒಂದೇ ಒಂದು ಮಾತು ಹೇಳಬೇಕು, ಜೀಪಿನ ಮುಂದಿನ ಚಕ್ರಗಳ ಎರಡೂ ಬಿಲ್ಲೆಗಳನ್ನು ನಾನೇ ತಿರುಗಿಸಿದೆ ಎಂದು. ಬಲಗಡೆಯ ಬಿಲ್ಲೆಯ ಒಳಹಲ್ಲು ಸವೆದು ತಾನಾಗಿ ಜಾರಿರಬೇಕು ಎಂಬ ನಿನ್ನ ಊಹೆಗೆ ನನ್ನ ಮಾತಿನ ಬಲ ಬೇಕು. ‘ನೀನೊಬ್ಳು ಹೇಳಿದ್ರೆ ಸಾಕು ಕಣೇ, ಓದಿದೋಳ ಮಾತು ಅಂದ್ರೆ ಅವ್ರು ಕೇಳ್ತಾರೆ’ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ. ಓದಿಸಿದವನು ಯಾರು? ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ, ಪ್ರವಾಸಿಗಳನ್ನು ಆ ಕರೀ ಜೀಪಿನಲ್ಲಿ ಬೆಟ್ಟ ಹತ್ತಿಸಿ ಇಳಿಸಿ ನನ್ನನ್ನು ಕಾಲೇಜು ದಾಟಿಸಿದವನು ನೀನು. ಗಾಡಿಗೆ ಎಮ್ಮೆ ಎಂದು ಹೆಸರಿಟ್ಟವಳು ಮಾತ್ರ ನಾನು.

ಆ ರಸ್ತೆ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಾಡಿನ ಗೇಟು ದಾಟುತ್ತಲೇ ಡಾಂಬರು ಮುಗಿದು ಕೆಂಪು ಮಣ್ಣು ಶುರುವಾಗುತ್ತದೆ, ಎರಡು ಕಡೆಯ ಮರಗಳು ಮೇಲೆ ತಲೆ ತಲೆ ತಾಗಿಸಿಕೊಂಡು ಹಗಲಲ್ಲೇ ಮಬ್ಬು ಕವಿಸುತ್ತವೆ. ತಿರುವಿಗೊಂದು ಝರಿ. ಮಂಜು ಸರಿದಾಗ ಕೆಳಗಿನ ಕಣಿವೆ ಒಂದು ಕ್ಷಣ ಪೂರ್ತಿ ತೆರೆದು, ನೋಡುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಪ್ರವಾಸಿಗಳೆಲ್ಲ ಆ ಕಡೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ನೀನು ಮಾತ್ರ ಮಣ್ಣಿನ ಬಣ್ಣ ನೋಡುತ್ತಿದ್ದೆ. ‘ನೋಡೋಕೆ ಬಂದೋರು ನೋಡ್ಲಿ, ನಾನು ನೋಡಿದ್ರೆ ಯಾರೂ ನೋಡೋಕಿರಲ್ಲ’ ಎನ್ನುತ್ತಿದ್ದೆ. ಮಾವನವರಿಗೆ ಸಾಯುವುದರೊಳಗೆ ಒಮ್ಮೆ ಬೆಟ್ಟದ ನೆತ್ತಿ ನೋಡಬೇಕೆಂಬ ಆಸೆ. ಮಗುವಿಗೆ ಆಗ ಎಂಟು ತಿಂಗಳು. ಮನೆಯಲ್ಲೇ ಇದ್ದು ಇದ್ದು ನನಗೂ ತಲೆ ಕೆಟ್ಟಿತ್ತು. ಮಳೆ ಬಿಟ್ಟು ಎರಡೇ ದಿನ, ನೆಲ ಒಣಗಲಿ, ಇನ್ನೊಂದು ವಾರ ತಡೆಯೋಣ ಎಂದವನು ನೀನು. ಹಟ ಹಿಡಿದವಳು ನಾನು. ಇದನ್ನು ಯಾರೂ ನನ್ನನ್ನು ಕೇಳಿಲ್ಲ, ನಾನೂ ಹೇಳಿಲ್ಲ.

ಗೇಟಿನ ಆಚೆ ಏರು ಶುರುವಾಗುವಲ್ಲಿ ನೀನು ಗಾಡಿ ನಿಲ್ಲಿಸಿದೆ. ಏರಿನಲ್ಲಿ ಬ್ರೇಕಿನ ಮೇಲಿನ ಕಾಲು ತೆಗೆಯಬಾರದು, ಆದ್ದರಿಂದ ಬಿಲ್ಲೆ ತಿರುಗಿಸುವುದು ಪಕ್ಕದ ಸೀಟಿನವರ ಕೆಲಸ, ಅದು ನಿಮ್ಮ ಬೆಟ್ಟದ ಡ್ರೈವರುಗಳ ಕಟ್ಟಳೆ. ಹತ್ತು ವರ್ಷದವಳಿದ್ದಾಗಲೇ ನನಗೆ ಹೇಳಿಕೊಟ್ಟಿದ್ದೆ: ‘ನಾಲ್ಕೂ ಚಕ್ರ ಎಳೀಬೇಕಂದ್ರೆ ಒಳಗೆ ನಾನು ಲಿವರ್ ಎಳೆದ್ರೆ ಆಗ್ಲಿಲ್ಲಮ್ಮಾ. ಮುಂದಿನ ಎರಡೂ ಚಕ್ರದ ಬಿಲ್ಲೆ ತಿರುಗ್ಬೇಕು. ಒಂದು ತಿರುಗಿ ಒಂದು ಬಿಟ್ರೆ ಎಮ್ಮೆಗೆ ಹಿಂದಿನ ಕಾಲು ಮಾತ್ರ.’ ಎರಡೂ ಆದ ಮೇಲೆ ಬಾನೆಟ್ಟಿನ ಮೇಲೆ ಎರಡು ಏಟು ಹೊಡೆಯಬೇಕು, ಆ ಸದ್ದು ಕೇಳಿದ ಮೇಲೇ ನೀನು ಕಾಲು ತೆಗೆಯುವುದು. ಮಗುವನ್ನು ಹಿಂದೆ ಕೂತಿದ್ದ ಮಾವನವರ ಕೈಗೆ ಕೊಟ್ಟು ಇಳಿದೆ. ಎಡಗಡೆಯದನ್ನು ತಿರುಗಿಸಿದೆ, ಕಟಕ್ಕೆಂದಿತು. ಬಲಗಡೆಗೆ ಸುತ್ತಿ ಬರುವಷ್ಟರಲ್ಲಿ ಮಗು ಕಿರುಚಿತು, ಉಸಿರು ಕಟ್ಟಿ ನೀಲಿಯಾಗುವ ಅಳು, ನಿನಗೆ ಗೊತ್ತಲ್ಲ. ‘ಬೇಗ ಬಾರಮ್ಮಾ, ಇವ್ನು ನನ್ನ ಕಿವಿ ಹರೀತಾನೆ’ ಎಂದು ಮಾವನವರು ಕೂಗಿದರು. ಬಲಗಡೆಯ ಬಿಲ್ಲೆಯ ಮೇಲೆ ಕೈ ಇಟ್ಟೆ, ಕೆಸರು ಮೆತ್ತಿ ಬಿಗಿಯಾಗಿತ್ತು. ಬಿಟ್ಟೆ. ಅಣ್ಣಾ, ಮರೆತದ್ದಲ್ಲ. ಬಿಟ್ಟೆ. ಬಾನೆಟ್ಟಿನ ಮೇಲೆ ಎರಡು ಏಟು ಹೊಡೆದು ಒಳಗೆ ಹತ್ತಿದೆ. ‘ಎರಡೂ ಆಯ್ತಾ?’ ಎಂದು ನೀನು ಕೇಳಿದ್ದಕ್ಕೆ, ಮಗುವಿನ ಬೆನ್ನು ತಟ್ಟುತ್ತ ಹೂಂ ಎಂದೆ. ಸಮಾಧಾನವಾದ ಮಗುವನ್ನು ಮಾವನವರೇ ಮತ್ತೆ ಕೇಳಿ ಎತ್ತಿಕೊಂಡರು.

ಮುಂದಿನದು ನಿನಗೆ ಗೊತ್ತು. ಮೂರನೇ ತಿರುವಿನ ಜಾರುಮಣ್ಣಿನಲ್ಲಿ ಹಿಂದಿನ ಚಕ್ರ ಸುಮ್ಮನೆ ತಿರುಗಿತು, ಮುಂದಿನದು ಎಳೆಯಲಿಲ್ಲ, ಗಾಡಿ ಅಡ್ಡಕ್ಕೆ ಜಾರಿ ಅಂಚು ಬಿಟ್ಟು ಕೆಳಗಿನ ಮರಕ್ಕೆ ಬೆನ್ನು ಕೊಟ್ಟಿತು. ಮಗುವಿಗೆ ಗೀರೂ ಆಗಲಿಲ್ಲ, ಏಕೆಂದರೆ ಮಾವನವರು ಅವನನ್ನು ಎದೆಗೆ ಅವುಚಿಕೊಂಡಿದ್ದರು. ಹಾಗೆ ಅವುಚಿಕೊಂಡದ್ದಕ್ಕೇ ಏಟೆಲ್ಲ ಬೆನ್ನಿಗೆ ಬಿತ್ತು. ಸೊಂಟದಿಂದ ಕೆಳಗೆ ಅವರಿಗೆ ಈಗ ಏನೂ ತಿಳಿಯುವುದಿಲ್ಲ. ಆ ದಿನದ್ದು ಅವರಿಗೆ ಗೇಟಿನವರೆಗೆ ಮಾತ್ರ ನೆನಪು. ನಾನು ಅವರನ್ನು ಒರೆಸುತ್ತೇನೆ, ಬಟ್ಟೆ ಬದಲಿಸುತ್ತೇನೆ, ಚಮಚದಲ್ಲಿ ತಿನ್ನಿಸುತ್ತೇನೆ. ಪ್ರತಿ ತುತ್ತಿಗೂ ನಿನ್ನನ್ನು ಶಪಿಸುತ್ತಾರೆ, ನಾನು ಬಾಯಿ ಒರೆಸುತ್ತೇನೆ. ‘ಅಣ್ಣ ಮಾಡಿದ್ದನ್ನ ತಂಗಿ ತೀರಿಸ್ತಿದಾಳೆ, ಸೊಸೆ ಅಂದ್ರೆ ಇವಳು’ ಎಂದು ಅತ್ತೆ ಬಂದವರೆದುರು ಹೇಳುತ್ತಾರೆ. ಮದುವೆಯಾಗಿ ಮೂರು ವರ್ಷ ನನ್ನ ಸಾರಿಗೆ ಉಪ್ಪು ಸಾಲದು ಎಂದವರು ಈಗ ಎರಡು ಸಲ ಬಡಿಸಿಕೊಳ್ಳುತ್ತಾರೆ.

ಈಗ ನೀನೇ ಯೋಚನೆ ಮಾಡು. ಎರಡೂ ತಿರುಗಿಸಿದೆ ಎಂದು ನಾನು ಕಚೇರಿಯಲ್ಲಿ ಹೇಳಿದರೆ ಏನಾಗುತ್ತದೆ? ಮೆಕ್ಯಾನಿಕ್ ಆ ಬಿಲ್ಲೆಯನ್ನು ಆಗಲೇ ಬಿಚ್ಚಿ ನೋಡಿದ್ದಾನೆ. ಹಲ್ಲು ಹೊಸದರ ಹಾಗಿದೆ, ಬಿಲ್ಲೆ ತಿರುಗಿಸಿಯೇ ಇಲ್ಲ ಎಂದು ಬರೆದುಕೊಟ್ಟಿದ್ದಾನೆ. ಹಾಗಾದರೆ ತಪ್ಪಿದ ಕೈ ಯಾರದು ಎನ್ನುತ್ತಾರೆ. ನನ್ನ ಗಂಡ ಅವರಪ್ಪನ ಹಾಸಿಗೆಯ ಪಕ್ಕ ನಿಂತು ಹೇಳಿದ ಮಾತು ಇದು: ‘ಮಾಡಿದೋರು ಯಾರೇ ಆಗ್ಲಿ, ಈ ಹೊಸ್ತಿಲು ತುಳಿಯೋಕೆ ಬಿಡಲ್ಲ. ಮಗೂನ್ನೂ ತೋರಿಸಲ್ಲ.’ ಯಾರೇ ಆಗಲಿ ಎಂದಾಗ ಅವರು ನನ್ನ ಕಡೆ ನೋಡಲಿಲ್ಲ. ಮಗು ನನ್ನನ್ನು ಮುಟ್ಟದೆ ಮಲಗುವುದಿಲ್ಲ ಅಣ್ಣಾ. ಅವನನ್ನು ನನ್ನಿಂದ ಕಿತ್ತುಕೊಂಡರೆ ನಾನು ಬದುಕುವುದಿಲ್ಲ.

ನಿನಗಾದರೆ ಹಿಂದೆ ಯಾರು, ಮುಂದೆ ಯಾರು? ಹೆಂಡತಿಯಿಲ್ಲ, ಮಕ್ಕಳಿಲ್ಲ. ಮೂಟೆ ಹೊತ್ತರೂ ಒಂದು ಹೊಟ್ಟೆ, ಗಾಡಿ ಓಡಿಸಿದರೂ ಒಂದೇ ಹೊಟ್ಟೆ. ಬರೆಯುವಾಗ ಕೈ ನಡುಗುತ್ತದೆ ಎಂದು ಬರೆದರೆ ನೀನು ನಂಬುತ್ತೀಯ, ಆದರೆ ನಡುಗುತ್ತಿಲ್ಲ. ನನ್ನನ್ನು ಸಾಕಿದವನು ನೀನು. ಸಾಕುವುದು ಇನ್ನೂ ಮುಗಿದಿಲ್ಲ ಎಂದುಕೋ. ಈ ಕಾಗದವನ್ನು ಓದಿ ಸುಟ್ಟುಬಿಡು. ಸುಡುತ್ತೀಯ ಎಂದು ಗೊತ್ತು, ಗೊತ್ತಿಲ್ಲದಿದ್ದರೆ ಬರೆಯುತ್ತಿರಲಿಲ್ಲ. ನನಗೆ ಇದನ್ನು ಯಾರಿಗೂ ಹೇಳದೆ ಇರಲು ಆಗಲಿಲ್ಲ, ಹೇಳಿಕೊಳ್ಳಲು ನಿನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ.

ಮೈ ನೋಡಿಕೋ. ಭಾರದ್ದನ್ನು ಒಬ್ಬನೇ ಎತ್ತಬೇಡ. ದೇವರು ನಿನ್ನನ್ನು ತಣ್ಣಗೆ ಇಟ್ಟಿರಲಿ. ನಿನ್ನ ಸೋದರಳಿಯನ ಪರವಾಗಿ ನಿನ್ನ ಕಾಲಿಗೆ ಬೀಳುತ್ತೇನೆ.

ಇಂತಿ ನಿನ್ನ ನೆರಳಿನಲ್ಲಿ ಬೆಳೆದ
ತಂಗಿ

ತಾ.ಕ.: ಮಗು ಎದ್ದ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಶುಕ್ರವಾರ ನನ್ನ ದಾರಿ ಕಾಯಬೇಡ. ನಿನ್ನೆಯೇ ಇವರ ಜೊತೆ ಕಚೇರಿಗೆ ಹೋಗಿ ಹೇಳಿಕೆ ಕೊಟ್ಟು ಬಂದೆ. ನಾನು ಗಾಡಿಯಿಂದ ಇಳಿಯಲೇ ಇಲ್ಲ, ಬಿಲ್ಲೆ ತಿರುಗಿಸುತ್ತೇನೆಂದು ನೀನೇ ಇಳಿದು ಹೋದೆ ಎಂದು ಬರೆಸಿದ್ದೇನೆ. ಗುಮಾಸ್ತ ಕೊನೆಗೆ, ‘ನಿಮ್ಮಣ್ಣ ಅವತ್ತು ಕುಡಿದಿದ್ರಾಮ್ಮಾ?’ ಎಂದು ಕೇಳಿದ. ನೀನು ಒಂದು ಹನಿಯನ್ನೂ ಮುಟ್ಟಿದವನಲ್ಲ. ನಾನು ಮಗುವಿನ ಟೋಪಿ ಸರಿಮಾಡುತ್ತ ಸುಮ್ಮನಿದ್ದೆ. ಅವನು ಏನೋ ಬರೆದುಕೊಂಡ. ಓದಿ ನೋಡಿ ಸಹಿ ಹಾಕಿ ಎಂದ. ಓದಿದೆ, ಹಾಕಿದೆ.