ಅರ್ಜಿಯ ಆರನೇ ಪ್ರಶ್ನೆ

ಮಾರ್ಚ್ ೧೧, ಮಂಗಳವಾರ



ಆಸ್ಪತ್ರೆಯ ಔಷಧಿ ನೆರವಿನ ಕೌಂಟರಿನಲ್ಲಿ ದಿನವಿಡೀ ಅರ್ಜಿ ತುಂಬಿಸುವವಳು ನಾನು. ತಲೆ ಎತ್ತಿ ಮುಖ ನೋಡುವ ಅಭ್ಯಾಸವೇ ತಪ್ಪಿಹೋಗಿದೆ. ಇವತ್ತೂ ಹಾಗೇ "ಹೆಸರು ಹೇಳಿ" ಎಂದೆ. ಟೋಕನ್ ತೆಗೆದುಕೊಳ್ಳಲು ತಲೆ ಎತ್ತಿ ನೋಡಿದರೆ ಅಣ್ಣ! 

ಕೈಯಲ್ಲಿ ಟೋಕನ್, ಹೃದಯದ ಮಾತ್ರೆಗೆ ಡಾಕ್ಟರು ಬರೆದ ಚೀಟಿ. ಚೀಟಿಯ ಮೇಲಿನ ತಾರೀಕು ಎರಡು ವರ್ಷ ಹಳೆಯದು! ಮೊನ್ನೆ ಭಾನುವಾರ ನಮ್ಮನೆಯಲ್ಲೇ ಉಂಡು, "ನಂಗೇನಾಗಿದೆ? ಗುಂಡುಕಲ್ಲಿನ ಥರ ಇದೀನಿ" ಎಂದು ಎಲ್ಲರನ್ನೂ ನಗಿಸಿ ಹೋದವನು.

"ಮಂಗಳವಾರ ನೀನಿಲ್ಲಿ ಕೂರಲ್ಲ ಅಂದ್ಕೊಂಡಿದ್ದೆ" ಎಂದ.

ಹಿಂದೆ ಸಾಲು ಗೊಣಗುತ್ತಿತ್ತು. ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದೆ. ಆರನೆಯದು: ದುಡಿಯುವ ಒಡಹುಟ್ಟಿದವರು ಇದ್ದಾರೆಯೇ? ಇದ್ದಾರೆ ಎಂದರೆ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ. ಆ ಮಾತ್ರೆಯ ಬೆಲೆಗೆ ನನ್ನ ಇಡೀ ಸಂಬಳವೂ ಸಾಲದು.

ಅವನು ನೆಲ ನೋಡುತ್ತಾ, "ಅದನ್ನ ನೀನೇ ಬರ್ಕೋ, ಪುಟ್ಟಿ" ಎಂದ.

"ಯಾರೂ ಇಲ್ಲ" ಎಂದು ಬರೆದೆ. ನಾಳೆಯಿಂದ ಅವನಿಗೆ ಮಾತ್ರೆ ಸಿಗುತ್ತದೆ.

ಅರ್ಜಿಯ ಕೊನೆಯಲ್ಲಿ "ಖುದ್ದಾಗಿ ವಿಚಾರಿಸಿದ್ದೇನೆ" ಎಂಬ ಸಾಲಿದೆ. ಅದರ ಕೆಳಗೆ ಸಹಿ ಹಾಕಿದ್ದೂ ನಾನೇ. ಎರಡು ವರ್ಷದಲ್ಲಿ ಅಣ್ಣನನ್ನು ಒಂದೇ ಒಂದು ದಿನವೂ ವಿಚಾರಿಸದವಳು.