ಮೇಜಿನ ಸುತ್ತ ಎಟುಕದ ಕೈ

ವಾಷಿಂಗ್ಟನ್, ಜೂನ್ 14

ಮಹಾಸಭಿಕರೇ, ಅಂದರೆ ಅಕ್ಕಾ, ನೀನೊಬ್ಬಳೇ,

ನನ್ನವಳು ಲಿಡಿಯಾ ಸಾಯುವ ಮುಂಚೆ ಬರೆದಿಟ್ಟ ಪಟ್ಟಿಯಂತೆಯೇ ಮಕ್ಕಳಿಬ್ಬರಿಗೂ ರಾಜಧಾನಿ ತೋರಿಸುತ್ತಿದ್ದೇನೆ. ಕಂಬ ಕಂಡೆವು, ಗುಮ್ಮಟ ಕಂಡೆವು, ಸಾಲಿನಲ್ಲಿ ನಿಂತು ಬಿಸಿಲುಂಡೆವು. ಮ್ಯೂಸಿಯಮ್ಮಿನ ಕ್ಯಾಂಟೀನಿನಲ್ಲಿ ಊಟದ ಪ್ರಾರ್ಥನೆಗೆ ಮೇಜಿನ ಸುತ್ತ ಒಬ್ಬರ ಕೈ ಒಬ್ಬರು ಹಿಡಿಯಲೆಂದು ಮಕ್ಕಳು ಕೈ ಚಾಚಿದರು.

"ಅಪ್ಪಾ, ಅಮ್ಮ ಇಲ್ದೆ ಕೈ ಎಟುಕ್ತಾನೇ ಇಲ್ಲ," ಅಂದ ಸೈಲಸ್.

ಪಕ್ಕದ ಮೇಜಿನ ಅಜ್ಜಿಯೊಬ್ಬಳು ಎದ್ದು ಬಂದು ಖಾಲಿ ಕುರ್ಚಿಯಲ್ಲಿ ಕೂತು, ಎರಡೂ ಕಡೆ ಕೈ ಹಿಡಿದಳು. "ಬೇಗ ಶುರು ಮಾಡಪ್ಪಾ, ನನ್ನ ಸೂಪು ಆರ್ತಿದೆ."

ನಾನು ಶುರು ಮಾಡಲೆಂದು ಎಲ್ಲರೂ ಕಣ್ಣು ಮುಚ್ಚಿ ಕಾದರು. ಕೊನೆಗೆ ಅಜ್ಜಿಯೇ ಪ್ರಾರ್ಥನೆ ಹೇಳಿ ಮುಗಿಸಿದಳು.

ಮಕ್ಕಳು ಆರೋಗ್ಯ. ನನ್ನ ಮಂಡಿ ಊದಿದೆ.

ದಿನವೂ ಮಕ್ಕಳ ಜೊತೆ ಪ್ರಾರ್ಥಿಸುತ್ತೇನೆ ಅಂತ ನಿನಗೆ ಬರೆದದ್ದೆಲ್ಲ ಸುಳ್ಳು, ಅಕ್ಕಾ. ಅವಳನ್ನು ಮಣ್ಣು ಮಾಡಿದ ಮೇಲೆ ನಾವು ಕೈ ಹಿಡಿದದ್ದು ಇದೇ ಮೊದಲು.

ಆಮೋಸ್